ಸಂಸ್ಕೃತಿ ಪಾಠ, ದಿನಬಳಕೆಯ ವ್ಯಾಕರಣ, ಚರ್ಚೆ: ಇಂಗ್ಲಿಷ್ ಮಾತಿಗೆ ಯಾವುದು ಹೆಚ್ಚು ಒದಗುತ್ತದೆ?

ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ನಾಲ್ಕು ಸಾಲು ಬರೆಯಲೂ ಬರುತ್ತದೆ, ಬಾಯಿ ತೆರೆದರೆ ಮಾತ್ರ ಮಾತು ಗಂಟಲಲ್ಲೇ ನಿಲ್ಲುತ್ತದೆ. ಈ ಹಂತದಲ್ಲಿ ಸಿಕ್ಕಿಕೊಂಡವರು ತುಂಬಾ ಜನ. ಇದನ್ನು ದಾಟಲು ಮೂರು ಬಗೆಯ ಪಾಠಗಳಿವೆ: ಇಂಗ್ಲಿಷರ, ಅಮೆರಿಕನ್ನರ ಬದುಕಿನ ಬಗ್ಗೆ ಕೇಳುತ್ತಾ ಕಲಿಯುವುದು, ದಿನಬಳಕೆಯ ವ್ಯಾಕರಣವನ್ನು ತುಣುಕು ತುಣುಕಾಗಿ ಕಲಿಯುವುದು, ಒಂದು ವಿಷಯ ಇಟ್ಟುಕೊಂಡು ನಾಲ್ಕು ಜನ ಚರ್ಚಿಸುವುದು. ಮೂರನ್ನೂ ಬೇರೆ ಬೇರೆಯಾಗಿ, ಒಂದಷ್ಟು ತಿಂಗಳು ಬಿಡದೆ ಮಾಡಿ ನೋಡಿದ್ದೇನೆ. ನನ್ನ ಮತ ಚರ್ಚೆಗೆ. ಆದರೆ ಉಳಿದೆರಡರ ಬೆಂಬಲವಿಲ್ಲದ ಚರ್ಚೆ ಎಲ್ಲಿ ಸೊರಗುತ್ತದೆ ಎಂಬುದನ್ನೂ ಕಂಡಿದ್ದೇನೆ.

ಮೊದಲು ಸಂಸ್ಕೃತಿಯ ಪಾಠ. ವಾಯ್ಸ್ ಆಫ್ ಅಮೆರಿಕಾ 1959ರಲ್ಲಿ 'ಸ್ಪೆಷಲ್ ಇಂಗ್ಲಿಷ್' ಎಂಬ ರೇಡಿಯೊ ಪ್ರಸಾರ ಶುರುಮಾಡಿತು. ಸುಮಾರು 1500 ಪದಗಳ ಮಿತಿ, ಚಿಕ್ಕ ವಾಕ್ಯ, ಬಿಡಿಸಿ ಬಿಡಿಸಿ ಓದುವ ದನಿ. ಆ ಮಿತಿಯೊಳಗೇ ಸುದ್ದಿ, ಇತಿಹಾಸ, ಹಬ್ಬ, ಆಟ ಎಲ್ಲವನ್ನೂ ಹೇಳಿದರು. ಈ ಬಗೆಯ ಪಾಠದಿಂದ ಸಿಗುವ ದೊಡ್ಡ ಲಾಭವೆಂದರೆ ನಿಘಂಟು ನೋಡಿದರೂ ಬಗೆಹರಿಯದ ಮಾತುಗಳು ಬಗೆಹರಿಯುವುದು. ಸಂಜೆ ಬರುತ್ತೀರಾ ಎಂದು ಕರೆದರೆ ಅಮೆರಿಕನ್ನರು 'ಕ್ಯಾನ್ ಐ ಟೇಕ್ ಎ ರೇನ್ ಚೆಕ್?' ಎನ್ನುವುದುಂಟು. ಮಳೆಯೂ ಇಲ್ಲ, ಚೆಕ್ಕೂ ಇಲ್ಲ. 1880ರ ದಶಕದಲ್ಲಿ ಬೇಸ್‌ಬಾಲ್ ಪಂದ್ಯ ಮಳೆಯಿಂದ ನಿಂತುಹೋದರೆ ಇನ್ನೊಂದು ಪಂದ್ಯಕ್ಕೆ ಬರಲು ಪ್ರೇಕ್ಷಕರಿಗೆ ಕೊಡುತ್ತಿದ್ದ ಚೀಟಿ ಅದು. ಈಗ ಅದು 'ಇವತ್ತು ಆಗುವುದಿಲ್ಲ, ಇನ್ನೊಮ್ಮೆ ಖಂಡಿತ ಬರುತ್ತೇನೆ' ಎಂದು ನಯವಾಗಿ ಹೇಳುವ ರೀತಿ. ಆ ಚೀಟಿಯ ಕಥೆ ಕೇಳಿದವರು ಈ ಮಾತನ್ನು ಮರೆಯಲಾರರು.

ನಿಧಾನದ ಓದಿಗೆ ಕಿವಿ ಒಗ್ಗಿಬಿಡುತ್ತದೆ ಎಂಬುದೇ ಇದರ ತೊಡಕು. ಸಹಜ ವೇಗದಲ್ಲಿ ಮಾತಾಡುವವರು ಎದುರಾದಾಗ ಪದಗಳು ಒಂದಕ್ಕೊಂದು ಅಂಟಿಕೊಂಡಂತೆ ಕೇಳುತ್ತವೆ. ಆಗ ನನಗೆ ಬಿಬಿಸಿಯ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಹೆಚ್ಚು ನೆರವಾಯಿತು. ಬಿಬಿಸಿ 1943ರಿಂದಲೇ ಇಂಗ್ಲಿಷ್ ಪಾಠ ಪ್ರಸಾರ ಮಾಡುತ್ತಾ ಬಂದಿದೆ. ಈ ಕಾರ್ಯಕ್ರಮದಲ್ಲಿ ಇಬ್ಬರು ಮಾತಾಡಿಕೊಳ್ಳುತ್ತಾರೆ, ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಕೊನೆಯಲ್ಲಿ ಉತ್ತರ ಬರುತ್ತದೆ, ನಡುವೆ ಹೊಸ ಪದಗಳನ್ನು ಬಿಡಿಸಿ ಹೇಳುತ್ತಾರೆ. ಮಾತಿನ ಪೂರ್ತಿ ಪಠ್ಯವೂ ಸಿಗುವುದರಿಂದ ಕಿವಿಗೆ ಬೀಳದ್ದನ್ನು ಕಣ್ಣಲ್ಲಿ ಹಿಡಿಯಬಹುದು. ಆದರೂ ಎರಡೂ ಕಡೆ ಕಲಿಯುವವರು ಕೇಳುಗರಾಗಿಯೇ ಉಳಿಯುತ್ತಾರೆ. ತಿಂಗಳುಗಟ್ಟಲೆ ಕೇಳಿದರೂ ನಾಲಿಗೆ ಹೊರಳಲಿಲ್ಲ.

ದಿನಬಳಕೆಯ ವ್ಯಾಕರಣದ ಪಾಠಗಳಿಗೆ ಶಾಲೆಯ ವ್ಯಾಕರಣದ ಭಾರವಿಲ್ಲ. ಒಂದು ಪಾಠಕ್ಕೆ ಒಂದೇ ಸಂಗತಿ. 'ಹ್ಯಾವ್ ಯೂ ಈಟನ್ ಯೆಟ್?' ಎಂದು ಬ್ರಿಟಿಷರು ಕೇಳುವ ಕಡೆ ಅಮೆರಿಕನ್ನರು 'ಡಿಡ್ ಯೂ ಈಟ್ ಯೆಟ್?' ಎಂದೂ ಕೇಳುತ್ತಾರೆ, ಎರಡೂ ಅವರವರಲ್ಲಿ ಸರಿ ಎಂಬಂಥ ತಿಳಿವಳಿಕೆ ಇಲ್ಲಿ ಚೆನ್ನಾಗಿ ಸಿಗುತ್ತದೆ.

ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವಿದೆ, ಅದನ್ನು ಯಾವ ಪಾಠವೂ ಹೇಳುವುದಿಲ್ಲ. 'ಇಫ್ ಐ ವನ್ ಎ ಲಾಟರಿ, ಐ ವುಡ್ ಟ್ರಾವೆಲ್' ಎಂಬಲ್ಲಿ ಮುಂದಿನ ಮಾತಿಗೆ 'ವನ್' ಎಂಬ ಭೂತಕಾಲ ಯಾಕೆ ಎಂದು ಕಲಿಯುವವರು ತಡವರಿಸುತ್ತಾರೆ. ನಾವು 'ನಾಳೆ ಮಳೆ ಬಂದರೆ' ಎನ್ನುವಾಗ 'ಬರು' ಎಂಬುದು ಭೂತಕಾಲದ 'ಬಂದ' ರೂಪದಿಂದಲೇ ಬರುತ್ತದಲ್ಲವೇ? ಆಗಿಲ್ಲದ್ದನ್ನು ಆದದ್ದರ ರೂಪದಲ್ಲಿ ಹೇಳುವುದು ನಮಗೆ ಹೊಸದಲ್ಲ. ವ್ಯತ್ಯಾಸ ಇಷ್ಟೇ: ನಡೆಯಬಹುದಾದದ್ದಕ್ಕೂ ಬರೀ ಕಲ್ಪನೆಗೂ ನಮ್ಮಲ್ಲಿ ಒಂದೇ '-ಅರೆ' ಸಾಕು, ಇಂಗ್ಲಿಷ್ ಎರಡನ್ನೂ ಬೇರೆ ಮಾಡುತ್ತದೆ. ನಡೆಯಬಹುದಾದದ್ದಕ್ಕೆ 'ಇಫ್ ಇಟ್ ರೇನ್ಸ್', ಕಲ್ಪನೆಗೆ 'ಇಫ್ ಐ ವನ್'. ಇಷ್ಟು ತಿಳಿದ ಮೇಲೆ ನನಗೆ ಆ ನಿಯಮ ಬಾಯಿಪಾಠದ ವಸ್ತುವಾಗಿ ಉಳಿಯಲಿಲ್ಲ.

ಆದರೂ ಅಭ್ಯಾಸದ ಹಾಳೆಯಲ್ಲಿ ಎಲ್ಲ ಬಿಟ್ಟ ಸ್ಥಳಗಳನ್ನೂ ಸರಿಯಾಗಿ ತುಂಬಿದವರೂ ಮಾತಿಗೆ ಕೂತಾಗ ಆ 'ವುಡ್' ಅನ್ನು ಬಿಟ್ಟುಬಿಡುತ್ತಾರೆ. ಹಾಳೆಯ ಮುಂದೆ ಯೋಚಿಸಲು ಸಮಯವಿರುತ್ತದೆ. ಮಾತಿನಲ್ಲಿ ಎದುರಿನವರು ಕಾಯುತ್ತಿರುತ್ತಾರೆ.

ಚರ್ಚೆ ಗೆಲ್ಲುವುದು ಇಲ್ಲೇ. ಅದು ಸಮಯ ಕೊಡುವುದಿಲ್ಲ, ಬದಲಿಗೆ ಹೇಳಲೇಬೇಕಾದ ಒಂದು ಮಾತನ್ನು ಕೊಡುತ್ತದೆ. ಎಲ್ಲವೂ ವಿಷಯದ ಆಯ್ಕೆಯ ಮೇಲೆ ನಿಂತಿದೆ. 'ಪರಿಸರ ಮಾಲಿನ್ಯ', 'ಶಿಕ್ಷಣದ ಮಹತ್ವ' ಇಂಥ ವಿಷಯಗಳು ಎರಡೇ ನಿಮಿಷಕ್ಕೆ ಸತ್ತುಹೋಗುತ್ತವೆ, ಏಕೆಂದರೆ ಅಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. 'ಮಗುವಿಗೆ ಸ್ವಂತ ಫೋನ್ ಯಾವ ವಯಸ್ಸಿಗೆ ಕೊಡಬೇಕು?' ಎಂದು ಕೇಳಿ ನೋಡಿ, ಸುಮ್ಮನಿದ್ದವರೂ ಬಾಯಿ ಬಿಡುತ್ತಾರೆ. ವಿಷಯ ತನ್ನ ವ್ಯಾಕರಣವನ್ನೂ ಜೊತೆಗೇ ತರುತ್ತದೆ. 'ಒಂದು ವರ್ಷ ಸಂಬಳದ ಸಮೇತ ರಜೆ ಕೊಟ್ಟರೆ ಏನು ಮಾಡುತ್ತೀರಿ?' ಎಂಬ ಪ್ರಶ್ನೆಗೆ 'ವುಡ್' ಇಲ್ಲದೆ ಉತ್ತರಿಸುವುದೇ ಕಷ್ಟ. ಬಾಲ್ಯದ ಆಟಗಳ ಬಗ್ಗೆ ಕೇಳಿದರೆ 'ಯೂಸ್ಡ್ ಟು' ತಾನಾಗಿ ಬೇಕಾಗುತ್ತದೆ.

ಮನೆಯಿಂದ ಕೆಲಸ ಮಾಡುವುದು ಒಳ್ಳೆಯದೇ ಎಂಬ ಚರ್ಚೆಯೊಂದು ನೆನಪಿದೆ. ಒಬ್ಬರು 'ಐ ಆಮ್ ನಾಟ್ ಅಗ್ರೀ' ಎಂದರು. ಇನ್ನೊಬ್ಬರು ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲದಂತೆ 'ಯೂ ಆರ್ ರಾಂಗ್' ಎಂದರು. ಮೊದಲನೆಯದನ್ನು 'ಐ ಡೋಂಟ್ ಅಗ್ರೀ' ಎಂದು ತಿದ್ದಿದ್ದಾಯಿತು, ಚರ್ಚೆ ಮುಂದುವರಿಯಿತು. ಎರಡನೆಯದಕ್ಕೆ ಎಲ್ಲರೂ ಮೌನವಾದರು. 'ಐ ಸೀ ವಾಟ್ ಯೂ ಮೀನ್, ಬಟ್' ಎಂದು ಶುರುಮಾಡಿ ಅದೇ ವಿರೋಧವನ್ನು ಹೇಳಬಹುದು ಎಂಬುದು ಸಂಸ್ಕೃತಿಯ ಪಾಠ ಕೇಳಿದವರಿಗೆ ಮಾತ್ರ ಗೊತ್ತಿತ್ತು. ಅಂದು ಮೂರೂ ದಾರಿಗಳು ಒಂದೇ ಮೇಜಿನ ಮೇಲೆ ಬಂದು ಕೂತಿದ್ದವು.

ಗುಂಪು ದೊಡ್ಡದಾದರೆ ಚರ್ಚೆ ಕೆಡುತ್ತದೆ. ಮೂರು, ನಾಲ್ಕು ಜನ ಸಾಕು. ಆರೇಳು ಜನರಾದರೆ ಇಬ್ಬರು ಮಾತಾಡಿ ಉಳಿದವರು ತಲೆಯಾಡಿಸುತ್ತಾರೆ. ಮಾತಿನ ನಡುವೆಯೇ ತಿದ್ದುವವರಿದ್ದರೂ ಕಷ್ಟ, ಹೆದರಿದವರು ಮತ್ತೆ ಮಾತಾಡುವುದಿಲ್ಲ. ತಿದ್ದಬೇಕಾದ್ದನ್ನು ಬರೆದಿಟ್ಟುಕೊಂಡು ಕೊನೆಯಲ್ಲಿ ಹೇಳುವ ಗುಂಪೇ ಒಳ್ಳೆಯದು.

ತೀರಾ ಆರಂಭದಲ್ಲಿರುವವರಿಗೆ ಮಾತ್ರ ನಾನು ಚರ್ಚೆ ಹೇಳುವುದಿಲ್ಲ. ಅವರಿಗೆ ನಿಧಾನ ಓದಿನ ಕಥೆಗಳೇ ಸರಿ. ಬರವಣಿಗೆಯ ಕೆಲಸ ಇರುವವರಿಗೆ ವ್ಯಾಕರಣ ಮೊದಲಾಗಲಿ.

ಚರ್ಚೆಗೆ ಜೊತೆ ಸಿಗದವರು, ವಿದೇಶಕ್ಕೆ ಓದಲು ಅಥವಾ ಕೆಲಸಕ್ಕೆ ಹೋಗುವವರು ತೆಗೆದುಕೊಳ್ಳುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಮಾತಿನ ಪರೀಕ್ಷೆಯ ಎರಡನೇ ಭಾಗದ ಪದ್ಧತಿಯನ್ನು ತಮ್ಮದಾಗಿಸಿಕೊಳ್ಳಬಹುದು. ಅಲ್ಲಿ ಕೈಗೊಂದು ವಿಷಯದ ಕಾರ್ಡ್ ಕೊಟ್ಟು, ತಯಾರಿಗೆ 1 ನಿಮಿಷ ಬಿಟ್ಟು, 2 ನಿಮಿಷದವರೆಗೆ ಮಾತಾಡಿಸುತ್ತಾರೆ. ಅದೇ ರೀತಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿ. ಎಲ್ಲಿ ತಡವರಿಸಿದಿರೋ ಆ ವಾಕ್ಯವನ್ನು ಬರೆದುಕೊಳ್ಳಿ, ಅದಕ್ಕೆ ಬೇಕಾದಷ್ಟು ವ್ಯಾಕರಣವನ್ನು ಮಾತ್ರ ಹುಡುಕಿ ಓದಿ, ಮರುದಿನ ಅದೇ ವಿಷಯದ ಮೇಲೆ ಮತ್ತೆ ಮಾತಾಡಿ.