ಜಿಮ್‌ನಲ್ಲಿ ಕೊಟ್ಟ ಕ್ರಿಯೇಟಿನ್ ಡಬ್ಬಿ, ನಾನು ಡಾಕ್ಟರಿಗೆ ಹೇಳದೆ ಬಿಟ್ಟ ಮಾತು

ಹೋದ ವರ್ಷ ಏಪ್ರಿಲ್‌ನಲ್ಲಿ ನನ್ನ ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಕ್ರಿಯೇಟಿನಿನ್, ಅಂದರೆ ಕಿಡ್ನಿ ಹೊರಗೆ ಹಾಕಬೇಕಾದ ಒಂದು ಕಸ, 1.7 ಅಂತ ಬಂತು. ಆಗ ನನಗೆ 27 ವರ್ಷ. ಆ ಅಂಕಿ ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೆ ಇಜಿಎಫ್‌ಆರ್ 56 ಅಂತ ಇತ್ತು. ಕಿಡ್ನಿ ರಕ್ತವನ್ನು ಎಷ್ಟು ಚೆನ್ನಾಗಿ ಸೋಸುತ್ತಿದೆ ಅನ್ನುವ ಅಂದಾಜು ಅದು. ನನ್ನ ವಯಸ್ಸಿಗೆ 90ರ ಮೇಲಿರಬೇಕಿತ್ತು. ಅವ್ವ ಆ ಕಾಗದ ಹಿಡಿದುಕೊಂಡು ಲ್ಯಾಬಿನ ಮೆಟ್ಟಿಲ ಮೇಲೇ ಕೂತುಬಿಟ್ಟಳು. ನನ್ನ ಸೋದರಮಾವ ನಾಲ್ಕು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಿದ್ದಾರೆ. ತಮ್ಮನ ರಿಪೋರ್ಟುಗಳನ್ನು ನೋಡಿ ನೋಡಿ ಅವ್ವನಿಗೆ ಇಂಗ್ಲಿಷ್ ಬರದಿದ್ದರೂ ಕ್ರಿಯೇಟಿನಿನ್ ಅನ್ನುವ ಪದ ಗೊತ್ತು.

ಇದನ್ನು ಬರೆಯುತ್ತಿರುವುದು ಜಿಮ್ ಹುಡುಗರು ಶಕ್ತಿಗೆ ಅಂತ ತಗೊಳ್ಳುವ ಕ್ರಿಯೇಟಿನ್ ಪುಡಿ ವಿಷ ಅಂತ ಹೇಳುವುದಕ್ಕಲ್ಲ. ಅದು ವಿಷ ಅಲ್ಲ. ನಾನು ತಗೊಂಡ ರೀತಿ ತಪ್ಪಾಗಿತ್ತು, ತಗೊಂಡ ಡಬ್ಬಿ ಸರಿ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು ಅಂದರೆ ಡಾಕ್ಟರ್ ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಅದರಿಂದ ನಮ್ಮ ಮನೆ ಐದು ದಿನ ನಿದ್ದೆ ಮಾಡಲಿಲ್ಲ.

ನಾನು ದಾವಣಗೆರೆಯವನು. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ. ಸಂಜೆ ಜಿಮ್. ಎಂಟು ತಿಂಗಳಿಂದ ಬೆಂಚ್ ಪ್ರೆಸ್ 70 ಕೆಜಿಗೇ ನಿಂತಿತ್ತು. ಅಲ್ಲಿ ಹೇಳಿಕೊಡುವವರು ಒಂದು ದಿನ ಪಕ್ಕಕ್ಕೆ ಕರೆದು, "ನೋಡಪಾ, ನೀನು ಮಾಂಸ ತಿನ್ನಲ್ಲ. ನಿನಗೆ ಕ್ರಿಯೇಟಿನ್ ಬೇರೆಯವರಿಗಿಂತ ಜಾಸ್ತಿ ಕೆಲಸ ಮಾಡುತ್ತೆ" ಅಂದರು. ಈ ಮಾತು ಸುಳ್ಳಲ್ಲ. ಕ್ರಿಯೇಟಿನ್ ನಮ್ಮ ಮೈಯಲ್ಲೇ ತಯಾರಾಗುತ್ತದೆ, ದಿನಕ್ಕೆ ಸುಮಾರು 1 ಗ್ರಾಂ. ಮಾಂಸ, ಮೀನು ತಿನ್ನುವವರಿಗೆ ಊಟದಿಂದಲೂ ಸಿಗುತ್ತದೆ. 1832ರಲ್ಲಿ ಫ್ರಾನ್ಸಿನ ಶೆವ್ರಲ್ ಇದನ್ನು ಮೊದಲು ಕಂಡುಕೊಂಡಿದ್ದೂ ಮಾಂಸದಲ್ಲಿಯೇ. ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಇದರ ದಾಸ್ತಾನು ಸ್ವಲ್ಪ ಕಡಿಮೆ ಇರುತ್ತದೆ. ಹಾಗಾಗಿ ಪುಡಿ ತಗೊಂಡಾಗ ಅವರಿಗೆ ವ್ಯತ್ಯಾಸ ಎದ್ದು ಕಾಣಬಹುದು. ಭಾರ ಎತ್ತುವಾಗ ಮೊದಲ ಎಂಟು-ಹತ್ತು ಸೆಕೆಂಡು ಸ್ನಾಯುವಿಗೆ ಬೇಕಾದ ಶಕ್ತಿಯನ್ನು ಬೇಗ ಬೇಗ ತುಂಬಿಕೊಡುವುದೇ ಇದರ ಕೆಲಸ. ಎಂಟು ಸಲ ಭಾರ ಎತ್ತುವ ಕಡೆ ಒಂಬತ್ತೋ ಹತ್ತೋ ಆಗುತ್ತದೆ, ಅಷ್ಟೇ.

ಅವರು ಹೇಳಿದ್ದರಲ್ಲಿ ಇಷ್ಟು ನಿಜ ಇದ್ದಿದ್ದಕ್ಕೇ ಉಳಿದಿದ್ದನ್ನೂ ನಂಬಿದೆ. ಡಬ್ಬಿಗೆ 900 ರೂಪಾಯಿ. "ಹೊರಗೆ 1,500 ಇದೆ, ನಿನಗಂತ ಕೊಡ್ತಿದೀನಿ" ಅಂದರು. ಬಿಲ್ ಕೊಡಲಿಲ್ಲ, ನಾನೂ ಕೇಳಲಿಲ್ಲ. ಐದು ದಿನ ಲೋಡಿಂಗ್ ಮಾಡು, ದಿನಕ್ಕೆ ನಾಲ್ಕು ಚಮಚ ಅಂದರು. ಲೋಡಿಂಗ್ ಅಂದರೆ ಸ್ನಾಯು ಬೇಗ ತುಂಬಲಿ ಅಂತ ಮೊದಲ ಕೆಲವು ದಿನ ಜಾಸ್ತಿ ಪುಡಿ ತಗೊಳ್ಳುವುದು.

ಯಾವ ಚಮಚ ಅಂತ ಅವರು ಹೇಳಲಿಲ್ಲ. ಡಬ್ಬಿಯಲ್ಲಿ ಅಳತೆಯ ಸ್ಕೂಪ್ ಇರಲಿಲ್ಲ. ನಾನು ಮನೆಯ ದೊಡ್ಡ ಚಮಚದಲ್ಲಿ ಗೋಪುರದ ಹಾಗೆ ತುಂಬಿ ತಗೊಂಡೆ. ಎಲ್ಲ ಮುಗಿದ ಮೇಲೆ ಚಿನ್ನ ಬೆಳ್ಳಿ ಅಂಗಡಿಯ ಗೆಳೆಯನ ಹತ್ತಿರ ಹೋಗಿ ಅದೇ ಚಮಚದಲ್ಲಿ ತುಂಬಿ ತೂಗಿಸಿದೆ. ಒಂದು ಚಮಚಕ್ಕೆ 9 ಗ್ರಾಂ. ಅಂದರೆ ದಿನಕ್ಕೆ 36. ಲೋಡಿಂಗ್ ಅಂತ ಮಾಡುವವರು ತಗೊಳ್ಳುವುದು ದಿನಕ್ಕೆ 20 ಗ್ರಾಂ, ಅದನ್ನೂ ನಾಲ್ಕು ಪಾಲು ಮಾಡಿ. ಅಸಲಿಗೆ ಲೋಡಿಂಗ್ ಬೇಕಾಗಿಯೇ ಇಲ್ಲ. ದಿನಕ್ಕೆ ಬರೀ 3 ಗ್ರಾಂ ತಗೊಂಡರೂ ನಾಲ್ಕು ವಾರದಲ್ಲಿ ಸ್ನಾಯು ಅಷ್ಟೇ ತುಂಬುತ್ತದೆ. ಇದು 1996ರಿಂದ ಗೊತ್ತಿರುವ ವಿಷಯ. ನಾಲ್ಕು ವಾರ ಕಾಯುವ ತಾಳ್ಮೆ ಇದ್ದಿದ್ದರೆ ಸಾಕಿತ್ತು.

ಮೂರನೇ ದಿನ ತೂಕ ನೋಡಿಕೊಂಡೆ. 1.8 ಕೆಜಿ ಏರಿತ್ತು. ಬಹಳ ಖುಷಿಯಾಯಿತು. ಅದು ಮಾಂಸಖಂಡ ಅಲ್ಲ, ನೀರು. ಕ್ರಿಯೇಟಿನ್ ಸ್ನಾಯುವಿನ ಒಳಗೆ ನೀರನ್ನು ಎಳೆದುಕೊಳ್ಳುತ್ತದೆ, ಮೊದಲ ವಾರ ಒಂದೆರಡು ಕೆಜಿ ಏರುವುದು ಮಾಮೂಲು. ಆ ಹೊತ್ತಿಗೇ ಹೊಟ್ಟೆ ಕೆಟ್ಟಿತು. ಒಂದೇ ಸಲಕ್ಕೆ ಜಾಸ್ತಿ ಪುಡಿ ನುಂಗಿದರೆ ಭೇದಿ ಆಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ದಿನಕ್ಕೆ ನಾಲ್ಕೈದು ಸಲ ಹೋಗುತ್ತಿದ್ದೆ. ಊರಲ್ಲಿ 38 ಡಿಗ್ರಿ ಬಿಸಿಲು. ಅಂಗಡಿಯಲ್ಲಿ ಪೈಪು, ಸಿಮೆಂಟು ಎತ್ತುವ ಕೆಲಸ. ಪದೇ ಪದೇ ಒಳಗೆ ಹೋಗಬೇಕಾಗುತ್ತದಲ್ಲ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ. ಸಂಜೆ ಅದೇ ಸ್ಥಿತಿಯಲ್ಲಿ ಸ್ಕ್ವಾಟ್ಸ್ ಹೊಡೆದೆ.

ರಾತ್ರಿ ಮೀನಖಂಡ ಹಿಡಿದುಕೊಂಡು ಎದ್ದು ಕೂತೆ. ಬೆಳಿಗ್ಗೆ ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ಕೇಳಿದೆ. ಚೀಟಿ ಇಲ್ಲದೆಯೇ ಡೈಕ್ಲೋಫೆನಾಕ್ ಕೊಟ್ಟರು. ದಿನಕ್ಕೆ ಎರಡರಂತೆ ನಾಲ್ಕು ದಿನ ನುಂಗಿದೆ. ದಯವಿಟ್ಟು ಈ ಸಾಲನ್ನು ಇನ್ನೊಂದು ಸಲ ಓದಿ. ಮೈಯಲ್ಲಿ ನೀರು ಬತ್ತಿರುವಾಗ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನು ಇನ್ನೂ ಕಡಿಮೆ ಮಾಡುತ್ತದೆ. ಆಮೇಲೆ ಡಾಕ್ಟರ್ ಪುಡಿಗಿಂತ ಜಾಸ್ತಿ ಗಾಬರಿಯಾಗಿದ್ದು ಈ ಮಾತ್ರೆಯ ವಿಷಯ ಕೇಳಿಯೇ. ಜಿಮ್‌ಗೆ ಹೋಗುವ ಎಷ್ಟು ಹುಡುಗರ ಬ್ಯಾಗಿನಲ್ಲಿ ಆ ಮಾತ್ರೆ ಇರುತ್ತದೆ ಅಂತ ನಿಮಗೂ ಗೊತ್ತು, ಅಲ್ವಾ?

ಪುಡಿ ಶುರು ಮಾಡಿ ಎಂಟನೇ ದಿನ. ಅಂಗಡಿಯಲ್ಲಿ ವಾಂತಿ ಮಾಡಿಕೊಂಡು ತಲೆ ಸುತ್ತಿ ಕೂತೆ. ಮೂತ್ರ ಕಡು ಹಳದಿ, ಅದೂ ದಿನಕ್ಕೆ ಒಂದೆರಡು ಸಲ. ಅಪ್ಪಾಜಿ ಬಂದು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು, ಅವ್ವನೂ ಬಂದಳು. ಡ್ರಿಪ್ ಹಾಕಿ ರಕ್ತ ತೆಗೆದರು. ರಿಪೋರ್ಟ್ ನೋಡಿ ಡಾಕ್ಟರ್ ನೇರವಾಗಿ ಕೇಳಿದರು, "ಯಾವುದಾದರೂ ಪುಡಿ, ಮಾತ್ರೆ, ನಾಟಿ ಔಷಧಿ ತಗೋತೀಯೇನಪ್ಪಾ?"

ಎಡಗಡೆ ಅಪ್ಪಾಜಿ, ಬಲಗಡೆ ಅವ್ವ. "ಜಿಮ್ ಪುಡಿ ಗಿಡಿ ಮುಟ್ಟಿದರೆ ನೋಡು" ಅಂತ ಅಪ್ಪಾಜಿ ಮೊದಲೇ ಹೇಳಿದ್ದರು. "ಇಲ್ಲ ಸಾರ್" ಅಂದುಬಿಟ್ಟೆ.

ಆ ಒಂದು ಮಾತಿನಿಂದ ಮುಂದಿನದ್ದೆಲ್ಲ ಆಯಿತು. ಡಾಕ್ಟರಿಗೆ ಎದುರಿಗಿದ್ದ ಅಂಕಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಮನೆತನದಲ್ಲಿ ಕಿಡ್ನಿ ಕಾಯಿಲೆ ಇದೆ ಅಂತ ಅವ್ವ ಬೇರೆ ಹೇಳಿದಳು. ಹೊಟ್ಟೆಯ ಸ್ಕ್ಯಾನ್, ಮೂತ್ರ ಪರೀಕ್ಷೆ, ಮತ್ತೊಂದು ಸಲ ರಕ್ತ, ಕಿಡ್ನಿ ತಜ್ಞರಿಗೆ ಚೀಟಿ. ಒಟ್ಟು 7,800 ರೂಪಾಯಿ ಆಯಿತು. ದುಡ್ಡು ಹೋಗಲಿ. ಮೂರನೇ ದಿನ ರಾತ್ರಿ ಅವ್ವ ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ಅತ್ತೆಗೆ "ಕಿಡ್ನಿ ಕೊಡೋಕೆ ನನ್ನ ವಯಸ್ಸು ನಡೀತದೇನು?" ಅಂತ ಕೇಳುತ್ತಿದ್ದಳು. ನಾನು ಕೋಣೆಯಲ್ಲಿ ಮಲಗಿ ಕೇಳಿಸಿಕೊಂಡೆ. ಆಗಲೂ ಎದ್ದು ಹೋಗಿ ನಿಜ ಹೇಳಲಿಲ್ಲ.

ಐದನೇ ದಿನ ಕಿಡ್ನಿ ತಜ್ಞರು ರಿಪೋರ್ಟುಗಳನ್ನೆಲ್ಲ ನೋಡಿ, ನನ್ನ ತೋಳು ನೋಡಿ, ಅಪ್ಪಾಜಿ ಅವ್ವನಿಗೆ ಸ್ವಲ್ಪ ಹೊರಗೆ ಕೂತಿರಿ ಅಂದರು. ಬಾಗಿಲು ಮುಚ್ಚಿದ ಮೇಲೆ, "ಈಗ ಹೇಳು. ಕ್ರಿಯೇಟಿನ್ ತಗೋತಿದೀಯಾ?" ಅಂದರು. ಎಲ್ಲ ಹೇಳಿದೆ.

ಅವರು ಬೈಯಲಿಲ್ಲ. ಒಂದು ಹಾಳೆ ತಗೊಂಡು ಬರೆದು ತೋರಿಸಿದರು. ಕ್ರಿಯೇಟಿನ್ ಬೇರೆ, ಕ್ರಿಯೇಟಿನಿನ್ ಬೇರೆ. ಸ್ನಾಯುವಿನಲ್ಲಿರುವ ಕ್ರಿಯೇಟಿನ್‌ನಲ್ಲಿ ದಿನಕ್ಕೆ ಶೇಕಡ 2ರಷ್ಟು ಒಡೆದು ಕ್ರಿಯೇಟಿನಿನ್ ಆಗುತ್ತದೆ, ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಪುಡಿ ತಗೊಂಡಾಗ ಒಳಗೆ ಹೋಗುವುದೇ ಜಾಸ್ತಿ, ಹಾಗಾಗಿ ರಕ್ತದಲ್ಲಿ ಅಂಕಿ ಸ್ವಲ್ಪ ಏರುತ್ತದೆ, ಕಿಡ್ನಿ ಚೆನ್ನಾಗಿದ್ದರೂ ಏರುತ್ತದೆ. ಇಜಿಎಫ್‌ಆರ್ ಲೆಕ್ಕ ಹಾಕುವುದೂ ಅದೇ ಅಂಕಿಯಿಂದ, ಅದಕ್ಕೇ ಅದು ಬಿದ್ದ ಹಾಗೆ ಕಾಣುತ್ತದೆ. ಆದರೆ ಬರೀ ಪುಡಿಯಿಂದ 1.7 ಮುಟ್ಟುವುದು ಕಷ್ಟ ಅಂದರು. ಭೇದಿ, ನೀರಿಲ್ಲದಿರುವುದು, ಹಿಂದಿನ ದಿನದ ಕಸರತ್ತು, ಆ ನೋವಿನ ಮಾತ್ರೆ, ಎಲ್ಲ ಸೇರಿ ಕಿಡ್ನಿಗೆ ನಿಜವಾಗಿಯೂ ಪೆಟ್ಟು ಬಿದ್ದಿರಬಹುದು. "ನಿನ್ನ ಹಳೇ ರಿಪೋರ್ಟ್ ಒಂದಿದ್ದಿದ್ದರೆ ಹೋಲಿಸಿ ನೋಡಬಹುದಿತ್ತು" ಅಂದರು. ನನ್ನ ಹತ್ತಿರ ಇರಲಿಲ್ಲ. ಪುಡಿ ಶುರು ಮಾಡುವ ಮುಂಚೆ ಒಂದು ಸಣ್ಣ ರಕ್ತ ಪರೀಕ್ಷೆ ಮಾಡಿಸಿದ್ದರೆ ಸಾಕಿತ್ತು.

ಪುಡಿ, ಮಾತ್ರೆ, ಜಿಮ್, ಮೂರನ್ನೂ ನಿಲ್ಲಿಸಿದರು. ಮೂರು ವಾರ ಬಿಟ್ಟು ಮತ್ತೆ ಪರೀಕ್ಷೆ, ಜೊತೆಗೆ ಸಿಸ್ಟಾಟಿನ್ ಸಿ ಅನ್ನುವ ಇನ್ನೊಂದು. ಸ್ನಾಯು ಎಷ್ಟಿದೆ, ಕ್ರಿಯೇಟಿನ್ ತಗೊಂಡಿದ್ದಾರಾ ಅನ್ನುವುದರಿಂದ ಅದು ಕ್ರಿಯೇಟಿನಿನ್ ಹಾಗೆ ಏರುಪೇರಾಗುವುದಿಲ್ಲ. ಜಿಮ್ ಮಾಡುವವರು ಈ ಹೆಸರು ನೆನಪಿಟ್ಟುಕೊಳ್ಳಿ, ರಿಪೋರ್ಟ್ ಏರಿ ಬಂದರೆ ಇದರ ಬಗ್ಗೆ ಡಾಕ್ಟರನ್ನು ಕೇಳಿ. ನನ್ನ ಕ್ರಿಯೇಟಿನಿನ್ 1.0ಕ್ಕೆ ಇಳಿದಿತ್ತು. ಸಿಸ್ಟಾಟಿನ್ ಸಿ ಸರಿಯಾಗಿತ್ತು. ಅವ್ವ ಅವತ್ತು ದುಗ್ಗಮ್ಮನ ಗುಡಿಗೆ ಹೋಗಿ ಬಂದಳು.

ಆಮೇಲೆ ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಸುಮಾರು ಒಂದು ತಿಂಗಳ ಅಂತರದಲ್ಲಿ ತೀರಿಕೊಂಡರು. ಮೊದಲು ಎಲ್ಲರೂ ಕ್ರಿಯೇಟಿನ್ ಮೇಲೆ ಅನುಮಾನಪಟ್ಟರು. ತನಿಖೆಯಲ್ಲಿ ಹೊರಬಂದಿದ್ದು ಬೇರೆ. ತೂಕ ಇಳಿಸಲು ನೀರು ಬಿಟ್ಟು, ಬೆವರು ಹರಿಸುವ ರಬ್ಬರ್ ಉಡುಪು ಹಾಕಿಕೊಂಡು, ಬಿಸಿ ಕೋಣೆಯಲ್ಲಿ ಕಸರತ್ತು ಮಾಡಿದ್ದರು. ಇದನ್ನು ಓದಿದಾಗ ನಮ್ಮ ಊರಿನ ಗರಡಿ ಮನೆಯ ಹುಡುಗರು ನೆನಪಾದರು. ಕುಸ್ತಿಗೆ ಮುಂಚೆ ನೀರು ಬಿಡುವವರು ಅವರಲ್ಲೂ ಇದ್ದಾರೆ.

ಆರೋಗ್ಯವಾಗಿರುವ ದೊಡ್ಡವರು ದಿನಕ್ಕೆ 3ರಿಂದ 5 ಗ್ರಾಂ ಕ್ರಿಯೇಟಿನ್ ಮೊನೊಹೈಡ್ರೇಟ್ ತಗೊಂಡು, ನೀರು ಚೆನ್ನಾಗಿ ಕುಡಿದರೆ ಕಿಡ್ನಿ ಹಾಳಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಎಷ್ಟೋ ವರ್ಷದ ಪರೀಕ್ಷೆಗಳು ಅದನ್ನೇ ಹೇಳುತ್ತವೆ. ಆದರೆ ಕಿಡ್ನಿ ತೊಂದರೆ ಇರುವವರು, ಸಕ್ಕರೆ ಕಾಯಿಲೆ ಬಿಪಿ ಇರುವವರು, ಬಸುರಿ ಬಾಣಂತಿಯರು, 18 ತುಂಬದ ಮಕ್ಕಳು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ತಗೊಳ್ಳುವವರು ಯಾವ ಕಾಯಿಲೆಗೆ ಹೋದರೂ ಮೊದಲು ಅದನ್ನು ಹೇಳಿ. ಮನೆಯವರ ಮುಂದೆ ಹೇಳಲು ಆಗದಿದ್ದರೆ "ಸಾರ್, ಒಂದು ನಿಮಿಷ ಒಬ್ಬನೇ ಮಾತಾಡಬೇಕು" ಅನ್ನಿ. ಖಂಡಿತ ಕೇಳುತ್ತಾರೆ.

ಇನ್ನು ಆ ಡಬ್ಬಿ. ಶುದ್ಧ ಕ್ರಿಯೇಟಿನ್ ಬಿಳಿ ಪುಡಿ. ವಾಸನೆ ಇಲ್ಲ, ರುಚಿ ಇಲ್ಲವೇ ಇಲ್ಲ ಅನ್ನಬಹುದು. ತಣ್ಣೀರಿಗೆ ಹಾಕಿದರೆ ಪೂರ್ತಿ ಕರಗದೆ ಸಣ್ಣ ಮರಳಿನ ಹಾಗೆ ತಳದಲ್ಲಿ ಕೂರುತ್ತದೆ. ನನ್ನದು ಕೆನೆ ಬಣ್ಣ, ಸಿಹಿ, ಹಾಕಿದ ಕೂಡಲೇ ಕರಗುತ್ತಿತ್ತು. ಫ್ಲೇವರ್ ಸೇರಿಸಿದ್ದೇವೆ ಅಂತ ಲೇಬಲ್ಲಿನಲ್ಲಿ ಎಲ್ಲೂ ಇರಲಿಲ್ಲ. ಬ್ಯಾಚ್ ನಂಬರ್ ಇರಲಿಲ್ಲ. ಆಹಾರದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇತ್ತು, ಎಣಿಸಿದೆ, 13 ಅಂಕಿ. ಇರಬೇಕಾದ್ದು 14. ಆ 14 ಅಂಕಿಯನ್ನು ಅವರ ಫೋಸ್ಕೋಸ್ ವೆಬ್‌ಸೈಟಿನಲ್ಲಿ ಹಾಕಿದರೆ ಯಾವ ಕಂಪನಿಯದ್ದು ಅಂತ ತೋರಿಸುತ್ತದೆ. ನಾನು ತಿಂದಿದ್ದರಲ್ಲಿ ಕ್ರಿಯೇಟಿನ್ ಎಷ್ಟಿತ್ತು, ಬೇರೆ ಏನು ಬೆರೆಸಿದ್ದರು ಅಂತ ಡಾಕ್ಟರಿಗೂ ಹೇಳಲು ಆಗಲಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಮೊದಲು ಕೇಳಿದ್ದೇ ಬಿಲ್. ಬಿಲ್ ಇಲ್ಲದೆ ಕೊಂಡರೆ ದೂರು ಹಿಡಿದು ನಿಲ್ಲುವುದು ಬಹಳ ಕಷ್ಟ, ಇದನ್ನು ಮರೆಯಬೇಡಿ.

ಹೋದ ತಿಂಗಳು ಅದೇ ಜಿಮ್‌ಗೆ ಹೋಗುವ ಇಬ್ಬರು ಪಿಯುಸಿ ಹುಡುಗರು ಮಂಡಕ್ಕಿ ಅಂಗಡಿ ಹತ್ತಿರ ಸಿಕ್ಕಿದರು. ನನ್ನ ಕಥೆ ಹೇಳಿದೆ. ಒಬ್ಬನ ಮುಖ ಬಾಡಿತು. ಬ್ಯಾಗಿನಿಂದ ಡಬ್ಬಿ ತೆಗೆದು ಕೊಟ್ಟ. ಅದೇ ಲೇಬಲ್. ಮೂವರೂ ಬಗ್ಗಿ ಅಂಕಿ ಎಣಿಸಿದೆವು. 13.

"ಅಣ್ಣಾ, ನಮ್ಮಪ್ಪಂಗೆ ಮಾತ್ರ ಹೇಳ್ಬೇಡಿ" ಅಂದ.

ನಾನು ಅವ್ವ ಅಡುಗೆಮನೆಯಲ್ಲಿ ಫೋನ್ ಹಿಡಿದು ನಿಂತಿದ್ದನ್ನು ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ನಿಂತ. ಆಮೇಲೆ ಡಬ್ಬಿ ಹಿಡಿದುಕೊಂಡು ಇಬ್ಬರೂ ಅವರಪ್ಪನ ಅಂಗಡಿಗೆ ನಡೆದೆವು.