ಕಾಗೆ ಓಡಿಸುವ ಮಿಂಚು ರಿಬ್ಬನ್: ಬಿತ್ತನೆ ಹೊತ್ತಿಗೆ ತಗೊಳ್ಳಿ

ಒಂದು ಕಡೆ ಕೆಂಪು, ಇನ್ನೊಂದು ಕಡೆ ಬೆಳ್ಳಿ ಬಣ್ಣ. ಕೊಪ್ಪಳದಲ್ಲಿ ಬೀಜ, ಗೊಬ್ಬರದ ಅಂಗಡಿಯಲ್ಲಿ ತಗೊಂಡೆ. ಮೆಕ್ಕೆಜೋಳದ ಹೊಲಕ್ಕೆ ಚೆನ್ನಾಗಿದೆ, ಯಾಕಂದರೆ ಕಾಗೆ ಕಾಟ ಜಾಸ್ತಿ ಇರುವುದೇ ಮೊಳಕೆ ಏಳುವ ಹೊತ್ತಿನಲ್ಲಿ, ಸಸಿಯನ್ನು ಕೊಕ್ಕಿನಿಂದ ಎಳೆದು ಬುಡದ ಕಾಳು ಮಾತ್ರ ತಿಂದು ಹಸಿರೆಲೆಯನ್ನು ಸಾಲಿನಲ್ಲೇ ಬಿಸಾಕಿ ಹೋಗುತ್ತವೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಬಿಗಿಯಾಗಿ ಕಟ್ಟಬೇಡಿ. ನಾಲ್ಕೈದು ಸುತ್ತು ತಿರುಚಿ, ಸ್ವಲ್ಪ ಸಡಿಲ ಬಿಟ್ಟರೆ ಗಾಳಿಗೆ ಗುಂಯ್ ಅನ್ನುತ್ತದೆ, ಬಿಸಿಲಿಗೆ ಮಿಂಚುತ್ತದೆ. ಗಾಳಿ ಇಲ್ಲದಿದ್ದರೆ ಸುಮ್ನೆ ಜೋತು ಬೀಳುತ್ತದೆ. ಸಸಿ ಗಟ್ಟಿಯಾದ ಕೂಡಲೇ ಬಿಚ್ಚಿಡಿ, ಹಾಗೇ ಬಿಟ್ಟರೆ ಕಾಗೆಗೆ ರೂಢಿಯಾಗುತ್ತದೆ. ವಿಷದ ಕಾಳು ಮಾತ್ರ ಇಡಬೇಡಿ, ನವಿಲು ಕೂಡ ಸಾಯುತ್ತದೆ. ಮೇಲಾಗಿ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಿಂದ ಕಾಗೆಗೂ ರಕ್ಷಣೆ ಇದೆ. ದಾಳಿಂಬೆ ತೋಟಕ್ಕೆ ಈ ರಿಬ್ಬನ್ ಸಾಲದು, ಬಲೆಯೇ ಹಾಕಿ.