ಗೋಲ್ಡನ್‌ನ 'ಗ್ಯಾಲಪಿಂಗ್ ಗೂಸ್' ರೈಲುಕಾರುಗಳು

ಡೆನ್ವರ್ ಸಮೀಪದ ಗೋಲ್ಡನ್ ಪಟ್ಟಣದ ಕೊಲರಾಡೊ ರೈಲ್‌ರೋಡ್ ಮ್ಯೂಸಿಯಂನಲ್ಲಿ ಹಬೆ ಎಂಜಿನ್‌ಗಳಿಗೆ ಬರವಿಲ್ಲ. ಆದರೂ ಅಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು, ನನ್ನ ಮಟ್ಟಿಗೆ, ಮುಂದೆ ಮೋಟಾರುಕಾರಿನ ಮೂತಿ, ಹಿಂದೆ ಸರಕಿನ ಡಬ್ಬಿ ಹೊತ್ತಿರುವ ಬೆಳ್ಳಿಬಣ್ಣದ 'ಗ್ಯಾಲಪಿಂಗ್ ಗೂಸ್' ರೈಲುಕಾರುಗಳನ್ನೇ. ರಿಯೊ ಗ್ರಾಂಡೆ ಸದರ್ನ್ ಕಂಪನಿ ತನಗಾಗಿ ಕಟ್ಟಿಕೊಂಡ 7 ಗಾಡಿಗಳ ಪೈಕಿ 2, 6 ಮತ್ತು 7ನೇ ಸಂಖ್ಯೆಯವು ಇಲ್ಲಿವೆ.

ಇವುಗಳ ಅಂದಗೇಡಿತನಕ್ಕೆ ಕಾರಣ ಬಡತನ. ರಿಡ್ಜ್‌ವೇಯಿಂದ ಡುರಾಂಗೊವರೆಗೆ 162 ಮೈಲಿ ಉದ್ದದ, ಹಳಿಗಳ ನಡುವೆ 3 ಅಡಿ ಅಂತರವಿದ್ದ ಕಂಪನಿಯ ಬೆಟ್ಟದ ಹಾದಿಯನ್ನು ಹಾಕಿದ್ದೇ ಬೆಳ್ಳಿ ಗಣಿಗಳನ್ನು ನಂಬಿ. 1893ರಲ್ಲಿ ಬೆಳ್ಳಿಯ ಬೆಲೆ ಕುಸಿದ ಮೇಲೆ ಕಂಪನಿ ಚೇತರಿಸಿಕೊಳ್ಳಲೇ ಇಲ್ಲ. ಬೆರಳೆಣಿಕೆಯ ಪ್ರಯಾಣಿಕರಿಗಾಗಿ ಕಲ್ಲಿದ್ದಲು ಸುಟ್ಟು, ಚಾಲಕ, ಫೈರ್‌ಮನ್, ಗಾರ್ಡ್ ಎಂದು ಹಲವರಿಗೆ ಸಂಬಳ ಕೊಟ್ಟು ಹಬೆ ರೈಲು ಓಡಿಸುವುದು ಗಿಟ್ಟುತ್ತಿರಲಿಲ್ಲ, ಆದರೆ ಅಂಚೆ ಸಾಗಣೆಯ ಗುತ್ತಿಗೆಯನ್ನು ಬಿಡುವಂತೆಯೂ ಇರಲಿಲ್ಲ. ಹೀಗಾಗಿ 1931ರಲ್ಲಿ ರಿಡ್ಜ್‌ವೇ ಕಾರ್ಯಾಗಾರದವರು ಜ್ಯಾಕ್ ಓಡೆನ್‌ಬಾ ಅವರ ಮುಂದಾಳತ್ವದಲ್ಲಿ ಬ್ಯೂಯಿಕ್ ಕಾರೊಂದನ್ನು ಹಳಿಗೆ ಏರಿಸಿದರು. ಒಬ್ಬನೇ ಚಾಲಕ, ಪೆಟ್ರೋಲ್ ಎಂಜಿನ್, ಅಷ್ಟೇ.

7ನೇ ಗಾಡಿಯನ್ನು ಬಗ್ಗಿ ನೋಡಬೇಕು. ಪಿಯರ್ಸ್-ಆ್ಯರೋ ಕಾರಿನ ಒಡಲಿಗೂ ಸರಕಿನ ಡಬ್ಬಿಗೂ ನಡುವೆ, ಗಾಡಿಯ ಅಡಿಯಲ್ಲಿರುವ ಚಕ್ರಗಳ ಚೌಕಟ್ಟೇ ಗಾಡಿಯನ್ನು ತಳ್ಳುವುದು. ಅದರ ಅಚ್ಚುಗಳನ್ನು ಜೋಡಿಸುವ ಸರಪಳಿಯನ್ನು ಕಂಡರೆ, ಇದನ್ನು ಕಟ್ಟಿದವರಿಗೆ ನಕ್ಷೆಗಿಂತ ಗುಜರಿಯ ಮೇಲೇ ಹೆಚ್ಚು ಭರವಸೆಯಿತ್ತೆಂದು ತೋರುತ್ತದೆ. ಏರುದಾರಿಯಲ್ಲಿ ಎಂಜಿನ್ ಕಾಯದಿರಲೆಂದು ಬಾನೆಟ್ಟಿನ ಪಕ್ಕದ ಹಲಗೆಗಳನ್ನು ತೆರೆದಿಟ್ಟು ಓಡಿಸುತ್ತಿದ್ದರಂತೆ.

ಕೆಲವು ವಿಶೇಷ ದಿನಗಳಲ್ಲಿ ಆವರಣದ ವರ್ತುಲ ಹಳಿಯಲ್ಲಿ ಸವಾರಿಯೂ ಉಂಟು. ಗೇರು ಬದಲಾದಾಗಲೆಲ್ಲ ಹಳೆಯ ಲಾರಿಯ ಕುಲುಕಾಟವೇ. ಸಮತಟ್ಟಾದ ಈ ಪುಟ್ಟ ಸುತ್ತಿನಲ್ಲಿ ಹಿಂದೆ ಈ ಗಾಡಿಗಳು ಓಡುತ್ತಿದ್ದ ಬೆಟ್ಟದ ಹಾದಿಯ, 10,000 ಅಡಿಗೂ ಎತ್ತರದ ಲಿಜರ್ಡ್ ಹೆಡ್ ಕಣಿವೆದಾರಿಯ ಅನುಭವವನ್ನು ನಿರೀಕ್ಷಿಸಬಾರದು. ತಾಳಗುಪ್ಪದ ಮೀಟರ್ ಗೇಜ್ ಹಳಿಯ ರೈಲ್ ಬಸ್ಸಿನಲ್ಲಿ ಕೂತು ಬಂದ ಮಲೆನಾಡಿಗರಿಗೆ ಈ ಸದ್ದು ಅಪರಿಚಿತವೆನಿಸದು.

ಆಯ್ಕೆಯಿದ್ದರೆ ಮುಂಭಾಗದ ಆಸನವನ್ನೇ ಹಿಡಿಯಿರಿ. 7ನೇ ಗಾಡಿಯ ಹಿಂದಿನ ಡಬ್ಬಿಯ ಕಿಟಕಿಗಳು ಮತ್ತು ಬೆಂಚುಗಳು 1950ರಲ್ಲಿ ಅಂಚೆ ಗುತ್ತಿಗೆ ಕೈತಪ್ಪಿದ ಮೇಲೆ ಪ್ರವಾಸಿಗರಿಗೆಂದು ಅಳವಡಿಸಿದವು. ಅಲ್ಲಿಂದ ಚಾಲಕನ ಕೈಚಳಕವೇ ಕಾಣಿಸುವುದಿಲ್ಲ. ಗಾಡಿ ಓಡುವ ದಿನಗಳನ್ನು ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳಿತು.